ಆಯಿಗೆ ನಾನು ಹೇಳದೇ ಬಿಟ್ಟ ಮಾತು

ಹೋದ ವರ್ಷ ಫೆಬ್ರುವರಿಯ ಕೊನೆಯ ಭಾನುವಾರ. ಆಳಂದ ತಾಲ್ಲೂಕಿನ ಒಂದು ಸಣ್ಣ ಊರಿನ ಚರ್ಚ್. ಮೇಲೆ ತಗಡು, ಗೋಡೆಗೆ ಎರಡು ಫ್ಯಾನು, ಕರೆಂಟ್ ಇರಲಿಲ್ಲ. ಕೇರಳದಿಂದ ಬಂದಿದ್ದ ಅತಿಥಿ ಬೋಧಕರು ಇಂಗ್ಲಿಷಿನಲ್ಲಿ ಪ್ರಸಂಗ ಮಾಡುವವರಿದ್ದರು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. "ನಮ್ಮ ಹುಡುಗ ಬೆಂಗಳೂರಾಗ ಸಾಫ್ಟ್‌ವೇರ್ ಇಂಜಿನಿಯರ್ ಇದ್ದಾನ, ಇಂಗ್ಲಿಷ್ ನೀರು ಕುಡದಂಗ ಮಾತಾಡ್ತಾನ" ಅಂತ ಪಾಸ್ಟರ್ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರು. ನಾನೂ ಸ್ವಲ್ಪ ಉಬ್ಬಿಯೇ ನಿಂತಿದ್ದೆ ಅನ್ನಿ.

ಜ್ಞಾನೋಕ್ತಿಗಳು 25ನೇ ಅಧ್ಯಾಯದ 13ನೇ ವಚನದ ಮೇಲೆ ಪ್ರಸಂಗ. ನಂಬಿಗಸ್ತನಾದ ದೂತನು ತನ್ನನ್ನು ಕಳುಹಿಸಿದವರಿಗೆ ಸುಗ್ಗಿಯ ಕಾಲದಲ್ಲಿ ಹಿಮದ ತಂಪು ಸಿಕ್ಕ ಹಾಗೆ ಅನ್ನುವುದು ಅದರ ತಾತ್ಪರ್ಯ. 'ಹಿಮ' ಅಂದರೆ ನಮ್ಮ ಮಂದಿಗೆ ತಿಳಿಯುತ್ತದೋ ಇಲ್ಲವೋ ಅಂತ ನನಗೇ ಅನುಮಾನ ಬಂತು. ಆ ಕ್ಷಣಕ್ಕೆ ನೆನಪಾದ ಶಬ್ದ 'ಆಲಿಕಲ್ಲು'. ಸುಗ್ಗಿಯಲ್ಲಿ ಆಲಿಕಲ್ಲು ಬಿದ್ದ ಹಾಗೆ ನಂಬಿಗಸ್ತ ದೂತ ಇರುತ್ತಾನೆ ಅಂತ ಗಟ್ಟಿಯಾಗಿ ಹೇಳಿಬಿಟ್ಟೆ.

ಸಭೆಯಲ್ಲಿ ಒಂಥರಾ ಮೌನ. ಹಿಂದೆ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹಿರಿಯ ರೈತರು ನನ್ನ ಹತ್ತಿರ ಬಂದು, "ತಮ್ಮಾ, ಹೊಲದಾಗ ಬಿಳಿಜ್ವಾಳಾ ನಿಂತದ. ಈಗ ಆಣಿಕಲ್ಲು ಬಿದ್ರ ನಾವು ಉಳಿತೀವೇನು? ನಂಬಿಗಸ್ತ ಮನಷ್ಯಾ ಹಂಗಿರ್ತಾನ ಅಂತ ಬೈಬಲ್‌ದಾಗ ಖರೇನ ಬರದದೇನು?" ಅಂದರು.

2014ರ ಮಾರ್ಚಿನಲ್ಲಿ ಮಹಾರಾಷ್ಟ್ರದಲ್ಲೂ ನಮ್ಮ ಉತ್ತರದ ಜಿಲ್ಲೆಗಳಲ್ಲೂ ಬಿದ್ದ ಆಲಿಕಲ್ಲು ಮಳೆಯನ್ನು ಕಂಡವರಿಗೆ ಆ ಶಬ್ದ ಎಷ್ಟು ಕೆಟ್ಟದ್ದು ಅಂತ ಗೊತ್ತು. ಮೂಲದಲ್ಲಿ ಅದು ದಣಿದವರಿಗೆ ಸಿಗುವ ತಂಪು, ನನ್ನ ಬಾಯಲ್ಲಿ ಅದು ಬೆಳೆಹಾನಿ ಆಗಿತ್ತು. ನಾನು ಕಾಕಾ ಅವರಿಗೆ ವಿಷಯ ಬಿಡಿಸಿ ಹೇಳಿದೆ. ಅವರು ನಕ್ಕು, "ಹಂಗಿದ್ರ ರಾಶಿ ಮಾಡೂ ಹೊತ್ತಿನ್ಯಾಗ ತತ್ರಾಣಿ ನೀರು ಸಿಕ್ಕಂಗ ಅನಬೇಕಿತ್ತಪಾ" ಅಂದರು. ಕಣದಲ್ಲಿ ಮೈಯೆಲ್ಲಾ ಹೊಟ್ಟು ಹತ್ತಿ ಗಂಟಲು ಒಣಗಿದಾಗ ಮಣ್ಣಿನ ತತ್ರಾಣಿಯ ತಣ್ಣೀರು. ಇಂಗ್ಲಿಷ್ ಒಂದು ಅಕ್ಷರ ಬಾರದವರು ನನಗಿಂತ ಸರಿಯಾಗಿ ಅನುವಾದ ಮಾಡಿದ್ದರು.

ಇದನ್ನು ನಗೆಹನಿ ಅಂತ ಬೆಂಗಳೂರಿನ ಗೆಳೆಯರಿಗೆಲ್ಲ ಹೇಳಿ ನಕ್ಕಿದ್ದೇನೆ. ಆದರೆ ಅದಾದ ಹದಿನೈದು ದಿನಕ್ಕೆ ನಾನು ಮಾಡಿದ ಇನ್ನೊಂದು ಅನುವಾದವನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಅದನ್ನು ಬರೆಯುತ್ತಿದ್ದೇನೆ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆಳಂದದಲ್ಲಿ ಇದ್ದರು. ಅಪ್ಪ-ಅವ್ವ ಜೇವರ್ಗಿಯಲ್ಲಿ. ಆಯಿಯ ತಂಗಿ, ನಾವು ಸಣ್ಣಾಯಿ ಅನ್ನುವವರು, ಅಫಜಲಪುರದಲ್ಲಿ. ಆಯಿಗೆ ಆಗ ಎಪ್ಪತ್ತೆಂಟು ದಾಟಿತ್ತು. ಎರಡು ತಿಂಗಳಿಂದ ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ ಅನ್ನುತ್ತಿದ್ದರು. ಬ್ಯಾಳಿಯಲ್ಲಿ ನೆನೆಸಿ ತಿಂದರೂ ಇಳಿಯದು. ಕಲಬುರಗಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಂಡೋಸ್ಕೋಪಿ ಆಯಿತು, ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಆಯಿಯ ಪಕ್ಕ ಕೂತಿದ್ದವನು ನಾನು. ಡಾಕ್ಟರ್ ಬೇರೆ ರಾಜ್ಯದವರು, ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ. ಅನ್ನನಾಳದ ಕ್ಯಾನ್ಸರ್, ಹಬ್ಬಿದೆ, ಈ ವಯಸ್ಸಿಗೆ ದೊಡ್ಡ ಆಪರೇಷನ್ ಬೇಡ, ನೋವು ಕಡಿಮೆ ಮಾಡುವುದು ಮತ್ತು ನುಂಗಲು ಅನುಕೂಲ ಮಾಡುವುದು ಇಷ್ಟೇ ದಾರಿ, ಕೆಲವು ತಿಂಗಳು ಅಂತ ಎಲ್ಲವನ್ನೂ ಬಿಡಿಸಿ ಹೇಳಿ, "ಅವರಿಗೂ ಹೇಳಿ" ಅಂದರು.

ನಾನು ಆಯಿಯ ಕಡೆ ತಿರುಗಿ ಹೇಳಿದ್ದು: "ಆಯಿ, ಒಳಗ ಹುಣ್ಣ ಆಗ್ಯಾದಂತ. ಗುಳಿಗಿ ತಗೊಂಡ್ರ ಕಡಿಮಿ ಆಗ್ತದಂತ."

ಆಯಿ "ಹೂಂ" ಅಂದರು.

ಆಫೀಸಿನಲ್ಲಿ ನಾನು ಬೇರೆಯವರ ಕೋಡ್ ಪರಿಶೀಲಿಸುತ್ತೇನೆ. ಒಂದು ತಪ್ಪನ್ನು ಮಾತ್ರ ನಾನು ಎಂದೂ ಬಿಟ್ಟವನಲ್ಲ. ಒಳಗೆ ಎರರ್ ಬಂದರೂ ಅದನ್ನು ನುಂಗಿ, ಹೊರಗೆ 'ಎಲ್ಲ ಸರಿಯಾಗಿದೆ' ಅಂತ ತೋರಿಸುವ ಕೋಡ್. ಅಂಥದ್ದನ್ನು ಬರೆದ ಜೂನಿಯರ್ ಹುಡುಗರಿಗೆ, "ನೋಡಪ್ಪ, ಪ್ರೋಗ್ರಾಮ್ ನಿಂತುಹೋದರೂ ಪರವಾಗಿಲ್ಲ, ಸುಳ್ಳು ಹೇಳಬಾರದು" ಅಂತ ಉಪದೇಶ ಮಾಡಿದ್ದೇನೆ. ಆವತ್ತು ನಾನು ಮಾಡಿದ್ದು ಅದನ್ನೇ.

ಮನೆಯಲ್ಲಿ ಎಲ್ಲರೂ ಮೆಚ್ಚಿದರು. "ಛಲೋ ಮಾಡಿದಿ, ಮುದುಕಿಗಿ ಯಾಕ ಹೇಳಬೇಕು, ಎದಿ ಒಡಕೊಂಡ್ರ?" ಅಂದರು ಅವ್ವ. ನೀವೂ ಅನೇಕರು ಹೀಗೇ ಅನ್ನುತ್ತೀರಿ ಅಂತ ಗೊತ್ತು. ನಮ್ಮ ಕಡೆ ರೋಗಿಗೆ ಬಿಟ್ಟು ಊರಿಗೆಲ್ಲ ರೋಗ ಗೊತ್ತಿರುತ್ತದೆ. ಪ್ರಾರ್ಥನೆಯ ವಾಟ್ಸಾಪ್ ಗುಂಪಿಗೆ 'ದಯವಿಟ್ಟು ಈ ತಾಯಿಗೋಸ್ಕರ ಪ್ರಾರ್ಥಿಸಿರಿ' ಅಂತ ಹೆಸರು, ರೋಗ, ಆಸ್ಪತ್ರೆಯ ವಾರ್ಡು ಸಮೇತ ಹೋಗುತ್ತದೆ. ಪ್ರಾರ್ಥನೆ ಎಷ್ಟು ಜನ ಮಾಡುತ್ತಾರೋ, ಫಾರ್ವರ್ಡ್ ಅಂತೂ ಎಲ್ಲರೂ ಮಾಡುತ್ತಾರೆ. ಆಯಿಯ ಹತ್ತಿರ ಕೀಪ್ಯಾಡ್ ಫೋನು ಇದ್ದುದರಿಂದ ಆ ಗುಂಪಿನಲ್ಲಿ ಇಲ್ಲದವರು ಅವರೊಬ್ಬರೇ.

ನಾನು ಆಗ ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು ಆಳಂದದಲ್ಲೇ ಉಳಿದೆ. ಆಯಿಗೆ ಓದಲು ಬರುತ್ತಿರಲಿಲ್ಲ. ರಾತ್ರಿ ಊಟದ ನಂತರ ಸತ್ಯವೇದ ಓದಿ ಹೇಳುವುದು ನನ್ನ ಕೆಲಸ. ಓದು ಬಾರದವರು ಅಂದರೆ ಕೇಳಿದ್ದನ್ನು ನಂಬುವವರು ಅಂತ ತಿಳಿಯಬೇಡಿ. ಆಯಿಯ ಅಪ್ಪನ ಕಾಲ ನಿಜಾಮರದ್ದು. 1948ರವರೆಗೆ ಸರಕಾರಿ ಕಾಗದ ಪತ್ರ ಉರ್ದುವಿನಲ್ಲಿ, ಹೊಲ ಉಳುವವರು ಕನ್ನಡದವರು. ನೋಟಿಸ್ ಬಂದರೆ ಓದಿ ಹೇಳುವವನು ಏನು ಹೇಳಿದರೆ ಅದೇ ಸತ್ಯ. ಹಾಗಾಗಿ ಆಯಿಯ ಅಪ್ಪ ಒಂದೇ ಕಾಗದವನ್ನು ಇಬ್ಬರ ಹತ್ತಿರ, ಬೇರೆ ಬೇರೆ ದಿನ ಓದಿಸುತ್ತಿದ್ದರಂತೆ. ಎರಡೂ ಕೂಡಿದರೆ ಮಾತ್ರ ಹೆಬ್ಬೆಟ್ಟು. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಯಾವ ಮಾತೂ ಸ್ಥಿರವಾಗಬಾರದು ಅನ್ನುವುದು ಧರ್ಮೋಪದೇಶಕಾಂಡದಲ್ಲೂ ಇದೆ. ಆಯಿಯೂ ಹಾಗೇ. ಭಾನುವಾರ ಪಾಸ್ಟರ್ ಓದಿದ ಭಾಗವನ್ನು ಮನೆಗೆ ಬಂದು ನನ್ನಿಂದ ಮತ್ತೆ ಓದಿಸುತ್ತಿದ್ದರು.

ಹಳೆಯ ಸತ್ಯವೇದದ ಕನ್ನಡ ನಮ್ಮ ಮನೆಯ ಕನ್ನಡ ಅಲ್ಲ. 'ಮಾನಸಾಂತರ' ಅಂತ ಒಂದು ಶಬ್ದ ಇತ್ತು. ಚಿಕ್ಕವನಿದ್ದಾಗ ನನಗೆ ಅದು ಯಾವುದೋ ಪರೀಕ್ಷೆಯ ಹೆಸರಿನ ಹಾಗೆ ಕೇಳುತ್ತಿತ್ತು. ನಂತರ ಅದೇ ಜಾಗಕ್ಕೆ ದೇವರ ಕಡೆಗೆ ತಿರುಗಿಕೊಳ್ಳುವುದು ಅನ್ನುವ ಸರಳ ಮಾತು ಬಂತು. ಆಯಿ ಅದನ್ನೂ ಇನ್ನಷ್ಟು ಇಳಿಸಿ, "ಹೊಳ್ಳಿ ಬರೂದು" ಅನ್ನುತ್ತಿದ್ದರು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈ ಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿದ್ದು 1831ರ ಹೊತ್ತಿಗೆ. ಇಪ್ಪತ್ತು ವರ್ಷ! ಅಲ್ಲಿಗೂ ಮುಗಿಯಲಿಲ್ಲ. ಅದರಲ್ಲಿನ ಭಾಷೆ ಸರಿಹೋಗಲಿಲ್ಲ ಅಂತ ಬಾಸೆಲ್ ಮಿಷನ್ನಿನವರು ಮತ್ತೆ ತಿದ್ದಲು ಕೂತರು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕಿಟ್ಟೆಲ್ 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಕೊಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಪರದೇಶದವರು ಒಂದು ಶಬ್ದ ಸರಿಯಾಗಿ ಮುಟ್ಟಲಿ ಅಂತ ಅಷ್ಟು ವರ್ಷ ತಲೆ ಕೆಡಿಸಿಕೊಂಡರು. ನಾನು ನನ್ನ ಸ್ವಂತ ಆಯಿಗೆ, ನನ್ನ ಸ್ವಂತ ಭಾಷೆಯಲ್ಲಿ, ಒಂದು ಶಬ್ದ ಮುಟ್ಟಿಸಲಿಲ್ಲ.

ಒಂದು ತಿಂಗಳು ಕಳೆಯಿತು. ಒಂದು ರಾತ್ರಿ ಆಯಿ, "ಯಪ್ಪಾ, ಇವತ್ತ ಅಹೀಮಾಚನ ಕಥಿ ಓದು" ಅಂದರು.

ಎರಡನೆಯ ಸಮುವೇಲನ 18ನೇ ಅಧ್ಯಾಯ. ದಾವೀದನ ಮಗ ಅಬ್ಷಾಲೋಮ ಅಪ್ಪನ ವಿರುದ್ಧವೇ ದಂಗೆ ಎದ್ದು ಯುದ್ಧದಲ್ಲಿ ಸತ್ತಿದ್ದಾನೆ. ಸುದ್ದಿ ಮುಟ್ಟಿಸಲು ನಾನು ಓಡುತ್ತೇನೆ ಅಂತ ಅಹೀಮಾಚ ಹಟ ಹಿಡಿಯುತ್ತಾನೆ. ರಾಜನ ಮಗ ಸತ್ತಿದ್ದಾನೆ, ಇವತ್ತು ನಿನಗೆ ಬೇಡ ಈ ಕೆಲಸ ಅಂತ ಸೇನಾಪತಿ ಯೋವಾಬ ಬಾಯಿಬಿಟ್ಟು ಹೇಳಿರುತ್ತಾನೆ. ಕೂಷ್ಯನೊಬ್ಬನನ್ನು ಕಳಿಸಿಯೂ ಆಗಿರುತ್ತದೆ. ಆದರೂ ಅಹೀಮಾಚ ಬೇರೆ ದಾರಿ ಹಿಡಿದು ಅವನನ್ನೂ ಹಿಂದೆ ಹಾಕುತ್ತಾನೆ. ಬಂದು, ಎಲ್ಲ ಕ್ಷೇಮ ಅನ್ನುತ್ತಾನೆ. ಮಗ ಹೇಗಿದ್ದಾನೆ ಅಂತ ದಾವೀದ ಕೇಳಿದರೆ, ಏನೋ ದೊಡ್ಡ ಗದ್ದಲ ಕಂಡೆ, ಏನಂತ ತಿಳಿಯಲಿಲ್ಲ ಅನ್ನುತ್ತಾನೆ. ಗೊತ್ತಿದ್ದೂ! ರಾಜ ಅವನನ್ನು ಪಕ್ಕಕ್ಕೆ ನಿಲ್ಲು ಅನ್ನುತ್ತಾನೆ. ಹಿಂದೆ ಬಂದ ಕೂಷ್ಯನೇ ಕೊನೆಗೆ ನಿಜ ಮುಟ್ಟಿಸುತ್ತಾನೆ.

ಓದಿ ಪುಸ್ತಕ ಮುಚ್ಚಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ ಚಲೋ ಹುಡುಗನೇ ಇದ್ದ. ದಾವೀದನ ಮ್ಯಾಲ ಜೀವ ಇತ್ತು ಅವಗ. ಅದಕ್ಕ ಹೇಳಾಕ ಆಗಲಿಲ್ಲ" ಅಂದರು. ಆಮೇಲೆ, "ಆವತ್ತ ಆ ಡಾಕ್ಟರ್ ಎಷ್ಟೊತ್ತ ಮಾತಾಡ್ದ, ನೀ ಎರಡ ಮಾತನ್ಯಾಗ ಮುಗಿಸಿದಿ."

ನಾನು ತಲೆ ಎತ್ತಲಿಲ್ಲ.

"ಕ್ಯಾನ್ಸರ್ ಅನ್ನೂದು ಎಲ್ಲಾ ಭಾಷಾದಾಗೂ ಕ್ಯಾನ್ಸರೇ ಅದಲ್ಲ ಯಪ್ಪಾ. ಕಿವಿಗಿ ಬಿತ್ತು ನಂಗ."

ಐದು ವಾರ! ಐದು ವಾರ ಅವರು ನಾನು ಹೇಳಲಿ ಅಂತ ಕಾದಿದ್ದರು. ಹುಡುಗ ತಡಕೊಳ್ಳಲಾರ ಅಂತ ಅವರು ಸುಮ್ಮನೆ, ಆಯಿ ತಡಕೊಳ್ಳಲಾರರು ಅಂತ ನಾನು ಸುಮ್ಮನೆ. ಅವತ್ತು ರಾತ್ರಿ ಡಾಕ್ಟರ್ ಹೇಳಿದ್ದೆಲ್ಲವನ್ನೂ ಹೇಳಿದೆ. ಹಬ್ಬಿದೆ ಅನ್ನುವುದನ್ನೂ, ಕೆಲವು ತಿಂಗಳು ಅನ್ನುವುದನ್ನೂ. ಆಯಿ ಅಳಲಿಲ್ಲ. ಅತ್ತವನು ನಾನು. ಎಲ್ಲ ಕೇಳಿ ಮುಗಿದ ಮೇಲೆ ಅವರು ಒಂದೇ ಮಾತು ಅಂದರು: "ನಾಳಿಗಿ ಅಫಜಲಪುರಕ್ಕ ಕರಕೊಂಡು ಹೋಗು."

ಇಲ್ಲಿ ನಿಮಗೆ ಸಣ್ಣಾಯಿಯ ವಿಷಯ ಹೇಳಬೇಕು. ಅಕ್ಕ-ತಂಗಿ ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಗಿತ್ತು. ಜೇವರ್ಗಿ ತಾಲ್ಲೂಕಿನಲ್ಲಿ ಅವರ ತವರಿನ ಎರಡು ಎಕರೆ ತೊಗರಿ ಹೊಲ ಇದೆ. ಆ ವರ್ಷ ಸಣ್ಣಾಯಿಯ ಯಜಮಾನರಿಗೆ ಮೈ ಹುಷಾರಿರಲಿಲ್ಲ. ಬಿತ್ತನೆ ಹೊತ್ತಿನಲ್ಲಿ ಆಯಿ ಸಂತೆಗೆ ಬಂದವರೊಬ್ಬರ ಹತ್ತಿರ, "ಹೊಲಾ ನಾನ ನೋಡ್ಕೋತೀನಿ ಅಂತ ಹೇಳ್ರಿ" ಅಂತ ಹೇಳಿ ಕಳಿಸಿದರು. ತಂಗಿಯ ಭಾರ ಕಡಿಮೆಯಾಗಲಿ ಅಂತ. ಅಫಜಲಪುರ ಮುಟ್ಟುವ ಹೊತ್ತಿಗೆ ಅದು "ಹೊಲಾ ನಾನ ಇಟ್ಕೋತೀನಿ" ಆಗಿತ್ತು. ದಾರಿಯಲ್ಲಿ ಎಷ್ಟು ಬಾಯಿ ದಾಟಿತೋ ದೇವರಿಗೇ ಗೊತ್ತು. ಸಣ್ಣಾಯಿ ಕೇಳಲು ಬರಲಿಲ್ಲ, ಸಿಟ್ಟಿನ ಉತ್ತರ ಹೇಳಿ ಕಳಿಸಿದರು, ಅದೂ ಇನ್ನೊಬ್ಬರ ಬಾಯಲ್ಲಿ. ಆಯಿಯೂ ಹೋಗಲಿಲ್ಲ. ಆಮೇಲೆ ಮದುವೆ, ಸಾವು, ಕ್ರಿಸ್ಮಸ್ ಯಾವುದಕ್ಕೂ ಒಬ್ಬರ ಮನೆಗೆ ಒಬ್ಬರಿಲ್ಲ. ಇಬ್ಬರೂ ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು.

ಯೆಹೋಶುವನ ಪುಸ್ತಕದ 22ನೇ ಅಧ್ಯಾಯದಲ್ಲಿ ಇಂಥದ್ದೇ ಒಂದು ಪ್ರಸಂಗ ಇದೆ. ಪ್ರಸಂಗಗಳಲ್ಲಿ ಅದು ಹೆಚ್ಚು ಕೇಳಿಬರುವುದಿಲ್ಲ, ನನಗಂತೂ ತುಂಬಾ ಇಷ್ಟ. ಯೊರ್ದನ್ ನದಿಯ ಆಚೆ ಇರುವ ರೂಬೇನ್, ಗಾದ್, ಅರ್ಧ ಮನಸ್ಸೆ ಕುಲದವರು ನದಿಯ ಹತ್ತಿರ ಒಂದು ದೊಡ್ಡ ಯಜ್ಞವೇದಿ ಕಟ್ಟುತ್ತಾರೆ. ಇವರು ದೇವರನ್ನು ಬಿಟ್ಟರು ಅಂತ ಸುದ್ದಿ ಹಬ್ಬಿ, ಈಚೆಯವರು ಯುದ್ಧಕ್ಕೇ ಕೂಡುತ್ತಾರೆ. ಆದರೆ ಕತ್ತಿ ಎತ್ತುವ ಮೊದಲು ಯಾಜಕ ಫೀನೆಹಾಸನನ್ನೂ ಹತ್ತು ಜನ ಮುಖಂಡರನ್ನೂ ಕಳಿಸಿ, ಎದುರಿಗೆ ಕೂತು ಕೇಳಿಸುತ್ತಾರೆ. ಅದು ಬಲಿ ಕೊಡುವ ವೇದಿ ಅಲ್ಲ, ನಡುವೆ ನದಿ ಇದೆ ಅಂತ ಮುಂದೆ ನಿಮ್ಮ ಮಕ್ಕಳು ನಮ್ಮ ಮಕ್ಕಳನ್ನು ಹೊರಗಿನವರು ಅನ್ನಬಾರದು ಅಂತ ಸಾಕ್ಷಿಗೆ ಕಟ್ಟಿದ್ದು ಅನ್ನುತ್ತಾರೆ ಆಚೆಯವರು. ಯುದ್ಧ ಅಲ್ಲಿಗೇ ನಿಂತಿತು. ಹನ್ನೊಂದು ಜನ ನಡೆದುಕೊಂಡು ಹೋಗಿ ಕೇಳಿದ್ದಕ್ಕೆ. ಮತ್ತಾಯ 18ರಲ್ಲಿ ಯೇಸು ಹೇಳುವುದೂ ಅದನ್ನೇ: ಸಹೋದರನ ತಪ್ಪಿದ್ದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನ ಜೊತೆ ಮಾತಾಡು. ನಮ್ಮ ಚರ್ಚುಗಳಲ್ಲಿ ಈ ಮೆಟ್ಟಿಲು ಬಿಟ್ಟು ಉಳಿದ ಎಲ್ಲ ಮೆಟ್ಟಿಲು ಹತ್ತುತ್ತೇವೆ. ಕಮಿಟಿ ಮೀಟಿಂಗಿನಲ್ಲಿ ಹೇಳುತ್ತೇವೆ, ಪ್ರಾರ್ಥನೆಯ ಒಳಗೇ ಹೆಸರು ಹೇಳದೆ ಚುಚ್ಚುತ್ತೇವೆ. ಪ್ರಿಸ್ಕಿಲ್ಲ-ಅಕ್ವಿಲ ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಅವನನ್ನು ಸಭೆಯ ನಡುವೆ ತಡೆಯಲಿಲ್ಲ, ತಮ್ಮ ಬಳಿಗೆ ಕರೆದುಕೊಂಡು ಬಿಡಿಸಿ ಹೇಳಿದರು. ಆಲಿಕಲ್ಲಿನ ದಿನ ಆ ಕಾಕಾ ನನಗೆ ಮಾಡಿದ್ದೂ ಅದೇ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ನ್ಯಾಯಸ್ಥಾಪಕರು 12ರಲ್ಲಿ ಗಿಲ್ಯಾದಿನವರು ನದಿ ದಾಟುವವರಿಗೆ 'ಷಿಬ್ಬೋಲೆತ್' ಅನ್ನಿಸಿ, 'ಸಿಬ್ಬೋಲೆತ್' ಅಂದವರನ್ನು ಕೊಲ್ಲುತ್ತಾರೆ. ಸತ್ತವರು 42,000 ಅಂತ ಬರೆದಿದೆ. ಬೆಂಗಳೂರಿನಲ್ಲಿ ನಾನು "ಮಾಡ್ಲತ್ತೀನಿ" ಅಂದಾಗ ಕ್ಯಾಂಟೀನಿನಲ್ಲಿ ನಕ್ಕಿದ್ದು ನೆನಪಾಗುತ್ತದೆ. ಅದಕ್ಕೇ ಆಫೀಸಿನ ಮಾತು ಬೇರೆ, ಮನೆಯ ಮಾತು ಬೇರೆ ಅಂತ ಎರಡು ಮಾಡಿಕೊಂಡೆ. ಕ್ಯಾನ್ಸರ್ ಅನ್ನುವಂಥ ವಿಷಯಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇತ್ತು, ಪುಸ್ತಕದ ಕನ್ನಡ ಇತ್ತು. ಆಯಿಗೆ ಹೇಳುವ ಕನ್ನಡ ಎಲ್ಲೋ ಸವೆದುಹೋಗಿತ್ತು ಅನ್ನಿಸುತ್ತದೆ. ಇದು ನೆಪವೂ ಇರಬಹುದು.

ಬೆಳಿಗ್ಗೆ ಕಾರು ಮಾಡಿಕೊಂಡು ಹೊರಟೆವು. ಹೊರಡುವ ಮೊದಲು ಫೋನ್ ಮಾಡಿದಾಗಲೇ ಗೊತ್ತಾಯಿತು: ಸಣ್ಣಾಯಿಗೆ ಹತ್ತು ದಿನದ ಹಿಂದೆ ಲಕ್ವಾ ಹೊಡೆದಿತ್ತು. ಬಲಗಡೆ ಪೂರಾ ಹೋಗಿದೆ, ಮಾತೂ ನಿಂತಿದೆ. ಮಾತಿಲ್ಲದ ಮನೆಯಾದ್ದರಿಂದ ನಮಗೆ ಯಾರೂ ತಿಳಿಸಿರಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆಸ್ಪತ್ರೆಯಲ್ಲಿ ನಾನು ಅವತ್ತೇ ಹೇಳಿದ್ದರೆ ಆಯಿ ಮರುದಿನವೇ ಹೊರಡುತ್ತಿದ್ದರು. ಆಗ ಸಣ್ಣಾಯಿ ಚೆನ್ನಾಗಿಯೇ ಮಾತಾಡುತ್ತಿದ್ದರು. ಆಯಿಗೂ ಈ ಲೆಕ್ಕ ಹೊಳೆದಿರಲೇಬೇಕು. ದಾರಿಯುದ್ದಕ್ಕೂ ಅದರ ಬಗ್ಗೆ ಒಂದು ಶಬ್ದ ಆಡಲಿಲ್ಲ. ಈಗ ಆಯಿ ಇಲ್ಲ, ಆಗಸ್ಟಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಆಡಲಿಲ್ಲ.

ಅಫಜಲಪುರದ ಮನೆಯಲ್ಲಿ ಸಣ್ಣಾಯಿ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಆಯಿ ಮಂಚದ ಅಂಚಿಗೆ ಕೂತು, ಎಲ್ಲರನ್ನೂ ಹೊರಗೆ ಕಳಿಸಿ, ನನಗೆ ಮಾತ್ರ, "ನೀ ಇರು" ಅಂದರು. ಆಮೇಲೆ ಹತ್ತೊಂಬತ್ತು ವರ್ಷದ ಹಿಂದಿನ ಆ ಒಂದು ವಾಕ್ಯವನ್ನು ಹೇಳಿದರು. "ಹೊಲಾ ನೋಡ್ಕೋತೀನಿ ಅಂದಿದ್ನೆವ್ವಾ. ಇಟ್ಕೋತೀನಿ ಅಂದಿಲ್ಲ. ನಾನ ಬಂದು ಹೇಳಬೇಕಿತ್ತು, ಬರಲಿಲ್ಲ. ಅದು ನನ್ನ ತಪ್ಪು." ತನ್ನ ರೋಗದ ವಿಷಯವನ್ನೂ ಹೇಳಿದರು, ಕ್ಯಾನ್ಸರ್ ಅನ್ನುವ ಶಬ್ದ ಹಾಕಿಯೇ.

ಸಣ್ಣಾಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ತುಟಿ ಅಲುಗಿತು, ದನಿ ಬರಲಿಲ್ಲ. ಎಡಗೈ ಎತ್ತಿ ಮಂಚದ ಪಟ್ಟಿಗೆ ಎರಡು ಸಲ ಬಡಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿದರು.

ಹೊರಗೆ ಬಂದಾಗ ಎಲ್ಲರಿಗೂ ಆತುರ. ಸಣ್ಣಾಯಿಯ ಸೊಸೆ, "ಕ್ಷಮಾ ಮಾಡೀನಿ ಅಂತ ಅದರ ಅರ್ಥರಿ" ಅಂದರು. ಮಗ, "ಇಲ್ಲ, ಅವ್ವಗ ಸಿಟ್ಟು ಬಂದ್ರ ಹಂಗೇ ಬಡೀತಾಳ" ಅಂದ. ನಾನು ಇಬ್ಬರಿಗೂ ಏನೂ ಹೇಳಲಿಲ್ಲ.

ವಾಪಸ್ ಬರುವಾಗ ಆಯಿ ಕಾರಿನ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಆಳಂದ ಹತ್ತಿರ ಬಂದಾಗ ಕೇಳಿದರು.

"ಏನಂದ್ಲು ಅಕಿ?"

"ಗೊತ್ತಿಲ್ಲ ಆಯಿ. ಎಡಗೈಲಿ ಎರಡ ಸಲ ಮಂಚಕ್ಕ ಬಡದ್ರು. ಆಮ್ಯಾಲ ಗ್ವಾಡಿ ಕಡಿ ಹೊಳ್ಳಿದ್ರು. ಅಷ್ಟೇ ನಂಗ ಕಂಡದ್ದು."

ಆಯಿ ನನ್ನ ಕೈ ಮೇಲೆ ಕೈ ಇಟ್ಟರು. "ಹೂಂ. ಮನ್ಯಾಗ ಕೇಳಿದ್ರ ಅಷ್ಟೇ ಹೇಳಪಾ."